ಅಂಗನವಾಡಿನಾ, ಸರ್ಕಾರಿ ಎಲ್‌ಕೆಜಿನಾ? ಆಡಿಸ್ತಾ ಕಲಿಸೋ ಜಾಗ ಹುಡುಕೋದು ಹೆಂಗ (ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವ್ರಿಗೆ)

ಏಪ್ರಿಲ್ ಬಂತಂದ್ರ ಇದೇ ಪ್ರಶ್ನೆ. ಮಗೂಗೆ ಮೂರು ತುಂಬ್ತು, ಅಂಗನವಾಡಿಗೆ ಕಳಿಸೋದಾ ಇಲ್ಲಾ ಸರ್ಕಾರಿ ಸಾಲ್ಯಾಗ ಎಲ್‌ಕೆಜಿ ಶುರು ಆಗೈತಂತ ಅಲ್ಲಿಗೆ ಹಾಕೋದಾ, ಅಲ್ಲಿ ಬರೇ ಆಡಿಸ್ತಾರಂತಲ್ರಿ ಏನೂ ಬರೆಸಂಗಿಲ್ಲಂತ, ಮುಂದ ಒಂದನೇತ್ತಾಗ ಹಿಂದ ಬೀಳಲ್ವಾ? ಸಿಂಧನೂರಿಂದ ಕೇಳ್ತಾರ, ಗಂಗಾವತಿಯಿಂದ ಕೇಳ್ತಾರ, ಸಿರುಗುಪ್ಪದಿಂದ ಕೇಳ್ತಾರ. ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಉತ್ತರ ಬರೆಯೋ ಬದಲಿ ಒಂದೇ ಕಡೆ ಹಾಕ್ತಿದೀನಿ, ಸ್ವಲ್ಪ ಉದ್ದ ಐತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಮೊದ್ಲೇ ಹೇಳ್ಬಿಡ್ತೀನಿ, ಬೋರ್ಡಿನ ಮ್ಯಾಲ ಏನ್ ಬರದೈತಿ ಅನ್ನೋದು ನೋಡಿ ಆರಿಸಬ್ಯಾಡ್ರಿ. ಎಲ್‌ಕೆಜಿ ಅಂತ ಬರದಿದ್ರೂ ಒಳಗ ಮಕ್ಕಳನ್ನ ಸುಮ್ನ ಕೂಡಿಸಿ ಎಬಿಸಿಡಿ ಒದರಸ್ತಿರ್ತಾರ, ಸುಣ್ಣ ಕಿತ್ತೋದ ಅಂಗನವಾಡ್ಯಾಗ ಒಬ್ರು ಅಕ್ಕೋರು ಅದ್ಭುತವಾಗಿ ಆಡಿಸ್ತಿರ್ತಾರ. ಉಲ್ಟಾನೂ ಇರ್ತೈತಿ. ಹತ್ತರಿಂದ ಹನ್ನೆರಡರ ತನಕ ಅಲ್ಲಿ ಮಗು ಏನ್ ಮಾಡ್ತೈತಿ, ಯಾರ ಜೋಡಿ ಇರ್ತೈತಿ, ಇದನ್ನ ಕಣ್ಣಾರೆ ನೋಡ್ಬೇಕು. ಕೆಳಗಿರೋ ಹಂತ ಎಲ್ಲಾ ಅದಕ್ಕ.

1. ಮೊದ್ಲು ವಯಸ್ಸಿನ ಲೆಕ್ಕ ಹಾಕ್ರಿ

ಅಂಗನವಾಡಿಗೆ ಮೂರರಿಂದ ಆರು ವರ್ಷದ ಮಕ್ಕಳು ಬರಬಹುದು, ವರ್ಷದಾಗ ಯಾವಾಗ ಮೂರು ತುಂಬಿದ್ರೂ ಸೇರಿಸಬಹುದು. ಸಾಲಿ ಲೆಕ್ಕ ಬ್ಯಾರೆ. ಅಲ್ಲಿ ಜೂನ್ 1 ಅನ್ನೋ ತಾರೀಕು ಮುಖ್ಯ. ಜೂನ್ 1ಕ್ಕ ನಾಲ್ಕು ತುಂಬಿದ್ರ ಎಲ್‌ಕೆಜಿ, ಐದು ತುಂಬಿದ್ರ ಯುಕೆಜಿ, ಆರು ತುಂಬಿದ್ರ ಒಂದನೇತ್ತಿ. 2025-26ರಾಗ ಒಂದು ವರ್ಷದ ಮಟ್ಟಿಗೆ ಅಂತ ಒಂದನೇತ್ತಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲ ಮಾಡಿದ್ರು, ಅದನ್ನ ಕೇಳ್ಕೊಂಡು ಪ್ರತಿ ವರ್ಷ ಹಂಗೇ ಅಂತ ತಿಳ್ಕೊಂಡವ್ರು ಭಾಳ ಮಂದಿ ಅದಾರ. ಆ ವರ್ಷದ ಸುತ್ತೋಲೆ ಏನೈತಿ ಅಂತ ಬಿಇಒ ಆಫೀಸ್ನಾಗ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿ) ಕೇಳಿ ಖಾತ್ರಿ ಮಾಡ್ಕೊಳ್ರಿ.

ಉದಾಹರಣೆಗೆ, 2022ರ ಮೇ 20ಕ್ಕ ಹುಟ್ಟಿದ ಮಗು 2026ರ ಜೂನ್‌ನಾಗ ಎಲ್‌ಕೆಜಿಗೆ ಸೇರಬಹುದು, 2028ಕ್ಕ ಒಂದನೇತ್ತಿ. ಅದೇ ಓಣಿಯಾಗ 2022ರ ಜುಲೈ 20ಕ್ಕ ಹುಟ್ಟಿದ ಮಗುಗೆ 2026ರ ಜೂನ್ 1ಕ್ಕ ಇನ್ನೂ ನಾಲ್ಕು ತುಂಬಿರಂಗಿಲ್ಲ, ಅದು 2027ಕ್ಕ ಎಲ್‌ಕೆಜಿ, 2029ಕ್ಕ ಒಂದನೇತ್ತಿ. ಎರಡೇ ತಿಂಗಳ ಫರಕಿಗೆ ಒಂದು ವರ್ಷ. ಇಲ್ಲೇ ಎಲ್ಲಾರೂ ಗಾಬರಿ ಆಗೋದು, ಒಂದು ವರ್ಷ ವೇಸ್ಟ್ ಆತಲ್ರಿ ಅಂತ. ವೇಸ್ಟ್ ಏನೂ ಆಗಂಗಿಲ್ಲ, ಆ ಒಂದು ವರ್ಷ ಅಂಗನವಾಡಿಗೆ ಕಳಸ್ರಿ.

ಎಚ್ಚರ: ವಯಸ್ಸು ಮುಂದ ಹಾಕಿ ಬರೆಸೋದು, "ಏನೂ ಆಗಲ್ಲ ನಾ ನೋಡ್ಕೋತೀನಿ" ಅಂತ ಯಾರೋ ಹೇಳಿದ್ರು ಅಂತ ಬ್ಯಾರೆ ಹುಟ್ಟಿದ ತಾರೀಕು ಕೊಡೋದು, ಇದೆಲ್ಲಾ ಮಾಡ್ಬ್ಯಾಡ್ರಿ. ಮುಂದ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು, ಆಧಾರ್, ಜನನ ಪ್ರಮಾಣಪತ್ರ ಮೂರೂ ಮೂರು ಥರ ಆಗಿ ಕೋರ್ಟು ಕಚೇರಿ ಅಂತ ಅಡ್ಡಾಡೋದು ಆ ಮಗುನೇ.

2. ನಿಮ್ಮೂರಾಗ ಏನೇನ್ ಅದಾವ, ಪಟ್ಟಿ ಮಾಡ್ರಿ

ಸರ್ಕಾರಿ ವ್ಯವಸ್ಥೆಯಾಗೇ ಮೂರ್ನಾಲ್ಕು ಥರ ಅದಾವ, ಜನ ಎಲ್ಲಾನೂ ಕಲಸಿ ಮಾತಾಡ್ತಾರ.

ಒಂದು ಅಂಗನವಾಡಿ, ನಮ್ ಕಡೆ ಹಳಬ್ರು ಇನ್ನೂ ಬಾಲವಾಡಿ ಅಂತಾರ. ಇದು ಶಿಕ್ಷಣ ಇಲಾಖೆದಲ್ಲ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆದು. 1975ರಾಗ ಶುರುವಾದ ಐಸಿಡಿಎಸ್ ಅನ್ನೋ ಯೋಜನೆ ಅಡಿ ನಡಿತೈತಿ. ಊಟ, ಹಾಲು, ಮೊಟ್ಟೆ, ತೂಕ ನೋಡೋದು, ಲಸಿಕೆ ನೆನಪು ಮಾಡೋದು, ಆಟ-ಪಾಠ ಎಲ್ಲಾ ಒಂದೇ ಕಡೆ. ಒಬ್ರು ಕಾರ್ಯಕರ್ತೆ, ಒಬ್ರು ಸಹಾಯಕಿ. ಕಲಿಕೆಗೆ ಅಂತ ನಮ್ ರಾಜ್ಯದಾಗ "ಚಿಲಿಪಿಲಿ" ಅನ್ನೋ ಪಠ್ಯಕ್ರಮ ಐತಿ, ಒಂದೊಂದು ವಿಷಯ ಇಟ್ಕೊಂಡು ಅದರ ಸುತ್ತ ಹಾಡು, ಕತಿ, ಆಟ, ಚಿತ್ರ ಮಾಡಿಸೋದು. ಈಗ ಕೆಲವು ಅಂಗನವಾಡಿನೇ ಎಲ್‌ಕೆಜಿ ಯುಕೆಜಿ ಅಂತ ಮ್ಯಾಲ ಏರಿಸೋ ಕೆಲಸನೂ ನಡದೈತಿ.

ಎರಡನೇದು ಸರ್ಕಾರಿ ಪ್ರಾಥಮಿಕ ಸಾಲ್ಯಾಗಿನ ಎಲ್‌ಕೆಜಿ-ಯುಕೆಜಿ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಯಾಗ 2024-25ರಿಂದ "ಅಕ್ಷರ ಆವಿಷ್ಕಾರ" ಅನ್ನೋ ಹೆಸರಿನ ಕಾರ್ಯಕ್ರಮದಾಗ 1008 ಸಾಲಿಗೆ ಇದನ್ನ ಕೊಟ್ರು, ದುಡ್ಡು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿದು. ಆಗ ಅಂಗನವಾಡಿ ಕಾರ್ಯಕರ್ತೆಯರು ನಮ್ ಮಕ್ಕಳನ್ನೆಲ್ಲಾ ಸಾಲಿಗೆ ಎಳ್ಕೊಂಡ್ರ ನಮ್ ಕೇಂದ್ರದ ಗತಿ ಏನು ಅಂತ ಹೋರಾಟ ಮಾಡಿದ್ರು, ಅವ್ರ ಮಾತಿನಾಗೂ ಅರ್ಥ ಇತ್ತು ಅನ್ನಸ್ತೈತಿ ನನಗ.

ಮೂರನೇದು ಕರ್ನಾಟಕ ಪಬ್ಲಿಕ್ ಸ್ಕೂಲ್, ಕೆಪಿಎಸ್ ಅಂತಾರಲ್ಲ, ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಾಂಪೌಂಡು. ಇಲ್ಲಿಗೆ ಭಾಳ ಡಿಮ್ಯಾಂಡು, ಬೇಗ ಹೋಗಿ ವಿಚಾರಿಸ್ರಿ. ಇವೆಲ್ಲಾ ಬಿಟ್ಟು ಕೆಲವು ಊರಾಗ ಎಸ್‌ಡಿಎಂಸಿಯವ್ರು (ಸಾಲಿ ಅಭಿವೃದ್ಧಿ ಸಮಿತಿ, ಪಾಲಕರೇ ಇರ್ತಾರ) ದಾನಿಗಳ ದುಡ್ಡಿನಾಗ ಎಲ್‌ಕೆಜಿ ನಡಸ್ತಾರ. ಅಲ್ಲಿ ಒಂದು ಪ್ರಶ್ನೆ ಕೇಳ್ಲೇಬೇಕು: ಟೀಚರ್ ಪಗಾರ ಯಾರು ಕೊಡ್ತಾರ, ವರ್ಷಪೂರ್ತಿ ಕೊಡ್ತಾರೋ? ದುಡ್ಡು ನಿಂತ್ರ ನವೆಂಬರ್‌ನಾಗ ಟೀಚರ್ ಬಿಟ್ಟು ಹೋಗ್ತಾರ, ಮಕ್ಕಳು ಒಂದನೇತ್ತಿ ಕೋಣ್ಯಾಗ ಹಿಂದ್ ಕೂತ್ಕೋತಾವ.

ಮೂರು ವರ್ಷದೊಳಗಿನ ಕೂಸು ಇದ್ದು ನೀವು ನರೇಗಾ ಕೆಲಸಕ್ಕ ಹೋಗೋರಾದ್ರ ಪಂಚಾಯ್ತಿಯ "ಕೂಸಿನ ಮನೆ" ಐತೇನು ಕೇಳ್ರಿ, ಅದು ಸಾಲಿ ಅಲ್ಲ, ಕೂಸು ನೋಡ್ಕೊಳ್ಳೋ ಜಾಗ.

3. "ಬರೇ ಆಡಿಸ್ತಾರ" ಅಂದ್ರ ಏನರ್ಥ, ತಿಳ್ಕೊಂಡ ಮ್ಯಾಲೇ ಮುಂದಕ್ಕ ಹೋಗ್ರಿ

2020ರ ರಾಷ್ಟ್ರೀಯ ಶಿಕ್ಷಣ ನೀತಿಯಾಗ ಒಂದು ಮಾತೈತಿ, ಮೆದುಳಿನ ಬೆಳವಣಿಗೆಯ 85ಕ್ಕಿಂತ ಜಾಸ್ತಿ ಪರ್ಸೆಂಟ್ ಆರು ವರ್ಷದೊಳಗ ಆಗಿಬಿಡ್ತೈತಿ ಅಂತ. ಇದನ್ನ ಓದಿದ ಕೂಡ್ಲೇ ನಮ್ ಮಂದಿ ಮಾಡೋದೇನಂದ್ರ ಹಂಗಾದ್ರ ಮೂರಕ್ಕೇ ಅಆಇಈ ಬರೆಸೋಣ ಅಂತ ಹೊರಡೋದು. ಆ ನೀತಿ ಹೇಳೋದು ಅದರ ಉಲ್ಟಾ. ಮೂರರಿಂದ ಎಂಟು ವರ್ಷದ್ದನ್ನ ಅದು ಬುನಾದಿ ಹಂತ ಅಂತ ಕರೀತೈತಿ, ಅದಕ್ಕ 2022ರಾಗ ಬಂದ ಪಠ್ಯಕ್ರಮ ಚೌಕಟ್ಟಿನಾಗ ಆಟಾನ ಮೂರು ಥರ ಮಾಡ್ಯಾರ. ಮುಕ್ತ ಆಟ ಅಂದ್ರ ಮಗು ತಾನೇ ಆರಿಸ್ಕೊಂಡು ಆಡೋದು. ಮಾರ್ಗದರ್ಶಿತ ಆಟ ಅಂದ್ರ ಮಗುನೇ ಆಡ್ತೈತಿ ಆದ್ರ ಅಕ್ಕೋರು ಪಕ್ಕದಾಗ ಕೂತು ನಡುನಡುವ ಒಂದು ಪ್ರಶ್ನೆ ಹಾಕೋದು. ಮೂರನೇದು ನಿಯಮ ಇರೋ ಆಟ, ಅಕ್ಕೋರು ಮೊದ್ಲೇ ಯೋಚನೆ ಮಾಡ್ಕೊಂಡು ಬಂದು ನಡಸೋದು.

ಒಳ್ಳೆ ಕೇಂದ್ರದಾಗ ದಿನದಾಗ ಮೂರೂ ಕಾಣಿಸ್ತಾವ. ಬರೇ ಮೊದಲ್ನೇದು ಇದ್ರ, ಅಂದ್ರ ಮಕ್ಕಳನ್ನ ಒಳಗ ಬಿಟ್ಟು ಟೀಚರ್ ಮೊಬೈಲಿನಾಗ ಡಾಟಾ ತುಂಬ್ತಾ ಕೂತ್ರ, ಅದು ಆಟ ಆಧಾರಿತ ಕಲಿಕೆ ಅಲ್ಲ. ಈ ಫರಕು ಗೊತ್ತಿರ್ಲಿ.

ಇದು ಹೆಂಗ ಕಲಿಕೆ ಆಗ್ತೈತಿ ಅಂತ ಕೇಳೋರಿಗೆ ಒಂದು ಚಿತ್ರ ಕೊಡ್ತೀನಿ. ಮೂಲ್ಯಾಗ ನಾಲ್ಕು ಹುಡುಗ್ರು ಅಡಗಿ ಆಟ ಆಡ್ತಿರ್ತಾವ. ಬಾಟ್ಲಿ ಮುಚ್ಚಳ ಅವ್ರ ರೊಟ್ಟಿ. ಒಬ್ಬಾಕಿ ಬಡಸ್ತಿರ್ತಾಳ: "ನಿನಗ ಎರಡು, ನಿನಗ ಎರಡು, ಇವಂಗ ಎರಡು... ಅಯ್ಯ ನನಗ ಒಂದೇ ಉಳೀತು." ಅಕ್ಕೋರು ಅಲ್ಲೇ ಕೂತು "ಹಂಗಾದ್ರ ನಿನಗೂ ಎರಡು ಬೇಕಂದ್ರ ಇನ್ನೆಷ್ಟು ಬಡೀಬೇಕವ್ವಾ?" ಅಂತಾರ. ಆ ಹುಡುಗಿ ಸ್ವಲ್ಪ ಹೊತ್ತು ಮುಚ್ಚಳ ನೋಡಿ, ಆಮ್ಯಾಲ ಒಂದು ಬೆರಳು ತೋರಸ್ತಾಳ. ಅಲ್ಲಿ ಎಣಿಕೆನೂ ಆತು, ಹಂಚೋದೂ ಆತು, ಕೂಡೋದೂ ಆತು, ಪಾಟಿ ಮುಟ್ಟಲೇ ಇಲ್ಲ. ನೂರರ ತನಕ ಬಾಯಿಪಾಠ ಒಪ್ಪಿಸೋ ಮಗುಗೆ ಐದು ಹುಣಸಿ ಬೀಜ ಕೊಡು ಅಂದ್ರ ಮುಷ್ಟಿ ತುಂಬ ಕೊಡ್ತೈತಿ, ಮನ್ಯಾಗ ಮಾಡಿ ನೋಡ್ರಿ ಬೇಕಾದ್ರ.

ಬರವಣಿಗೆ ಬಗ್ಗೆನೂ ಹಂಗೇ. ಮೂರು-ನಾಲ್ಕು ವರ್ಷದ ಮಗುವಿನ ಬೆರಳು, ಮಣಿಕಟ್ಟಿನ ಸಣ್ಣ ಸ್ನಾಯು ಇನ್ನೂ ಗಟ್ಟಿ ಆಗಿರಂಗಿಲ್ಲ. ಮಣ್ಣು ಕಲಸೋದು, ಕಾಗದ ಹರಿಯೋದು, ಮಣಿ ಪೋಣಿಸೋದು, ಕಾಳು ಆರಿಸೋದು, ಇವೇ ಬರವಣಿಗೆಯ ತಯಾರಿ. ಮಣ್ಣೆತ್ತಿನ ಅಮವಾಸ್ಯೆ ಸಾಲಿ ಶುರುವಾಗಿ ಸ್ವಲ್ಪ ದಿನಕ್ಕೇ ಬರ್ತೈತಿ, ಆ ವಾರ ಕೇಂದ್ರಕ್ಕ ಹೋಗಿ ನೋಡ್ರಿ, ಎರಿಮಣ್ಣು ತರಿಸಿ ಮಕ್ಕಳ ಕೈಲೇ ಎತ್ತು ಮಾಡಸ್ಯಾರಂದ್ರ, ಆ ಎತ್ತು ಸೊಟ್ಟಗಿದ್ರೂ, ಅಲ್ಲಿ ಕೆಲಸ ತಿಳಿದೋರು ಅದಾರ ಅಂತರ್ಥ. ಎತ್ತು ಎಲ್ಲಾ ನೆಟ್ಟಗ ಒಂದೇ ಥರ ಇದ್ರ ಅಕ್ಕೋರೇ ಮಾಡ್ಯಾರ!

ಒಂದನೇತ್ತ್ಯಾಗ ಹಿಂದ ಬೀಳ್ತಾವ ಅನ್ನೋ ಭಯಕ್ಕ ಇಷ್ಟು ಹೇಳ್ತೀನಿ, ಸರ್ಕಾರಿ ಸಾಲ್ಯಾಗ ಒಂದರಿಂದ ಮೂರನೇತ್ತಿ ತನಕ ನಡಿಯೋದೇ ನಲಿಕಲಿ, ಅದೂ ಗುಂಪಿನಾಗ ಕೂತು ಕಾರ್ಡು, ಚಟುವಟಿಕೆ ಮ್ಯಾಲ ಕಲಿಯೋ ಪದ್ಧತಿ. ಆಡಿ ಬಂದ ಮಗು ಅಲ್ಲಿ ಸಲೀಸಾಗಿ ಹೊಂದ್ಕೋತೈತಿ.

4. ಹೋಗಿ ಕೂತು ನೋಡ್ರಿ

ಇದೇ ಮುಖ್ಯ ಹಂತ, ಇದನ್ನ ಮಾತ್ರ ಬಿಡಬ್ಯಾಡ್ರಿ. ಮೊದ್ಲೇ ಅಕ್ಕೋರಿಗೆ ಅಥವಾ ಹೆಡ್‌ಮಾಸ್ತರಿಗೆ ಹೇಳಿ, ಅನುಮತಿ ತಗೊಂಡು ಬೆಳಿಗ್ಗೆ ಹತ್ತರ ಮ್ಯಾಲ ಒಂದು ತಾಸು ಮೂಲ್ಯಾಗ ಕೂಡ್ರಿ. ಊಟದ ಹೊತ್ತಿಗೆ ಹೋದ್ರ ಊಟ ಅಷ್ಟೇ ಕಾಣಸ್ತೈತಿ. ಆಗಸ್ಟ್ 15ರ ಕಾರ್ಯಕ್ರಮಕ್ಕ ಹೋಗಿ ಡ್ಯಾನ್ಸ್ ನೋಡಿ ಸೇರಿಸಬ್ಯಾಡ್ರಿ. ಮತ್ತ ಒಂದೇ ದಿನ ನೋಡಿ ತೀರ್ಮಾನ ಮಾಡ್ಬ್ಯಾಡ್ರಿ, ಯಾಕಂದ್ರ ಅಂಗನವಾಡಿ ಅಕ್ಕೋರಿಗೆ ಸರ್ವೆ, ಮೀಟಿಂಗು, ಎಲೆಕ್ಷನ್ ಪಟ್ಟಿ ಕೆಲಸ, ಆ್ಯಪ್ ತುಂಬೋದು ಅಂತ ನೂರೆಂಟು ಹೊರೆ ಹಾಕಿರ್ತಾರ, ಅದೂ ಪಗಾರ ಅಲ್ಲ ಗೌರವಧನದ ಮ್ಯಾಲ, ನೀವು ಹೋದ ದಿನಾನೇ ಅವ್ರು ಮೀಟಿಂಗಿಗೆ ಹೋಗಿರಬಹುದು. ಎರಡು ಸಲ ಬ್ಯಾರೆ ಬ್ಯಾರೆ ವಾರ ಹೋಗ್ರಿ.

ಏನ್ ನೋಡಬೇಕು:

ಆಟದ ಸಾಮಾನು ಎಲ್ಲಿ ಇಟ್ಟಾರ? ಇದು ಒಂದೇ ಪ್ರಶ್ನೆ ಅರ್ಧ ಕತಿ ಹೇಳ್ತೈತಿ. ಇಲಾಖೆಯಿಂದ ಕಿಟ್ ಬಂದಿರ್ತೈತಿ, ಆದ್ರ ಮಕ್ಕಳು ಮುರೀತಾವ, ಇನ್ಸ್‌ಪೆಕ್ಷನ್‌ಗೆ ಬಂದಾಗ ತೋರಿಸ್ಬೇಕು ಅಂತ ಬೀರುವಿನಾಗ ಹಾಕಿ ಬೀಗ ಜಡದಿರ್ತಾರ. ಬ್ಲಾಕ್ಸಿನ ಮ್ಯಾಲ ಪ್ಲಾಸ್ಟಿಕ್ ಕವರ್ ಹಂಗೇ ಇದ್ರ, ಬಣ್ಣದ ಪೆನ್ಸಿಲ್ ಎಲ್ಲಾ ಒಂದೇ ಉದ್ದ ಇದ್ರ, ತಿಳ್ಕೋರಿ. ಮೂಲಿ ಮುರಿದ ಬ್ಲಾಕು, ಮುಖ ಮಾಸಿದ ಗೊಂಬಿ, ಮಕ್ಕಳ ಕೈಗೆ ಎಟುಕೋ ಹಲಿಗಿ ಮ್ಯಾಲ ಇದ್ರ ಒಳ್ಳೇದು. (ಕಿನ್ನಾಳದ ಕಟ್ಟಿಗಿ ಗೊಂಬಿ ಊರೂರಿಗೆ ಹೆಸರು ಮಾಡ್ಯಾವ, ಕೊಪ್ಪಳ ಜಿಲ್ಲೆದಾಗೇ ಎಷ್ಟು ಅಂಗನವಾಡ್ಯಾಗ ಒಂದಾದ್ರೂ ಐತೋ ಹುಡುಕಿ ನೋಡ್ರಿ. ಇರ್ಲಿ, ಅದು ಬ್ಯಾರೆ ಸಂಕಟ.)

ಗ್ವಾಡಿ ಮ್ಯಾಲ ಏನೈತಿ, ಎಷ್ಟು ಎತ್ತರದಾಗ ಐತಿ? ಪೇಂಟರ್ ಬರೆದ ಚಿತ್ರ ಚಂದನ ಇರ್ತೈತಿ ಬಿಡ್ರಿ, ಆದ್ರ ಮಕ್ಕಳೇ ಗೀಚಿದ್ದು, ಅವ್ರ ಕಣ್ಣಿನ ಮಟ್ಟಕ್ಕ ಅಂಟಿಸಿದ್ದು ಐತೇನು?

ಅಕ್ಕೋರು ಎಲ್ಲಿ ಕೂತಾರ? ಕುರ್ಚಿ ಮ್ಯಾಲ ಕೂತು "ಏ ಸುಮ್ನಿರು, ಕೈ ಕಟ್ಟು, ಬಾಯಿ ಮುಚ್ಚು" ಅಂತಿದ್ರ ಒಂದು ಥರ, ನೆಲದ ಮ್ಯಾಲ ಮಕ್ಕಳ ನಡುವ ಕೂತು ಅವ್ರ ಮಾತು ಕೇಳ್ತಿದ್ರ ಇನ್ನೊಂದು ಥರ. ಕೋಣ್ಯಾಗ ಗಲಾಟಿ ಇರಬೇಕ್ರಿ. ನಾಲ್ಕು ವರ್ಷದ ಇಪ್ಪತ್ತು ಮಕ್ಕಳು ಪಿಟ್ ಅನ್ನದಂಗ ಕೂತಾವಂದ್ರ ಅದು ಶಿಸ್ತಲ್ಲ, ಹೆದರಿಕಿ. ಮೂಲ್ಯಾಗ ಕೋಲು, ಸ್ಕೇಲು ಕಂಡ್ರ ಅದರ ಬಗ್ಗೆ ನೇರ ಕೇಳ್ರಿ.

ಅಳೋ ಮಗುನ ಏನ್ ಮಾಡ್ತಾರ? ಒಂದು ತಾಸಿನಾಗ ಒಂದಾದ್ರೂ ಅಳ್ತೈತಿ. ಎತ್ಕೊಂತಾರೋ, ಮಾತಾಡಸ್ತಾರೋ, ಇಲ್ಲಾ "ನಿಮ್ಮವ್ವ ಬರಂಗಿಲ್ಲ ನೋಡು" ಅಂತ ಹೆದರಸ್ತಾರೋ.

ಟಿವಿ, ಮೊಬೈಲು. ಇತ್ತೀಚಿಗೆ ಸ್ಮಾರ್ಟ್ ಕ್ಲಾಸ್ ಅಂತ ಟಿವಿ ಹಾಕಿದ್ದನ್ನ ನೋಡಿ ಪಾಲಕರು ಖುಷಿ ಪಡ್ತಾರ. ಒಂದು ಹಾಡು ತೋರಿಸಿ, ಬಂದ್ ಮಾಡಿ, ಎದ್ದು ಕುಣಿಸಿದ್ರ ಅಡ್ಡಿಯಿಲ್ಲ. ತಾಸುಗಟ್ಟಲೆ ಓಡ್ತಿದ್ರ ಅದನ್ನ ಮನ್ಯಾಗೇ ತೋರಿಸಬಹುದಲ್ಲ, ಅಷ್ಟಕ್ಕ ಯಾಕ ಕಳಿಸ್ಬೇಕು.

ಮಕ್ಕಳ ಸಂಖ್ಯೆ, ಜಾಗ. 2013ರ ರಾಷ್ಟ್ರೀಯ ಇಸಿಸಿಇ ನೀತಿ (ಪುಟ್ಟ ಮಕ್ಕಳ ಆರೈಕೆ ಮತ್ತು ಶಿಕ್ಷಣದ ನೀತಿ) ಪ್ರಕಾರ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ರು ದೊಡ್ಡವ್ರು ಇರಬೇಕು, 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣಿ, ಅಂದ್ರ ಸುಮಾರು ಇಪ್ಪತ್ತಡಿಗೆ ಹತ್ತೊಂಬತ್ತಡಿ, ಮ್ಯಾಲ ಹೊರಗ ಆಡಾಕ ಜಾಗ. ದಿನಕ್ಕ ಮೂರರಿಂದ ನಾಲ್ಕು ತಾಸು ಕಲಿಕೆ ಸಾಕು ಅಂತೈತಿ ಆ ನೀತಿ. ನಮ್ ಬಾಡಿಗಿ ಕಟ್ಟಡದ ಅಂಗನವಾಡಿ ಎಷ್ಟೋ ಇದಕ್ಕ ಹೊಂದಂಗಿಲ್ಲ, ಗೊತ್ತು. ಕೋಣಿ ಸಣ್ಣದಿದ್ರೂ ಪಕ್ಕದ ಗುಡಿ ಕಟ್ಟಿ, ಬೇವಿನ ಗಿಡದ ನೆರಳು ಬಳಸ್ಕೊಂಡು ಹೊರಗ ಆಡಸ್ತಾರಂದ್ರ ನಾನು ಆ ಕೇಂದ್ರಕ್ಕೇ ಮಾರ್ಕ್ಸ್ ಕೊಡ್ತೀನಿ.

5. ಕೇಳಬೇಕಾದ್ದು ಕೇಳ್ರಿ, ಜಗಳ ಮಾಡೋ ಧಾಟ್ಯಾಗಲ್ಲ

"ಅಕ್ಕೋರೇ, ನಿನ್ನೆ ಮಕ್ಕಳಿಗೆ ಏನ್ ಆಡಿಸಿದ್ರಿ?" ಅಂತ ಕೇಳ್ರಿ. ಪಠ್ಯಕ್ರಮ ಏನು ಅಂತ ಕೇಳಿದ್ರ ಎಲ್ಲಾರೂ ಪುಸ್ತಕ ತೋರಸ್ತಾರ, ನಿನ್ನೆದು ಕೇಳಿದ್ರ ನಿಜ ಹೊರಗ ಬರ್ತೈತಿ. ಆಮ್ಯಾಲ ಮೊಟ್ಟೆ, ಹಾಲು ಯಾವ ದಿನ ಕೊಡ್ತೀರಿ, ಮೊಟ್ಟೆ ತಿನ್ನದ ಮಗುಗೆ ಏನ್ ಕೊಡ್ತೀರಿ. ಸಾಲಿ ಎಲ್‌ಕೆಜಿ ಆದ್ರ ಬಿಸಿಯೂಟ ಈ ಮಕ್ಕಳಿಗೂ ಐತೇನು, ಖಾರ ಕಡಿಮಿ ಮಾಡಿ ಕೊಡ್ತೀರೇನು. ಟೀಚರ್ ಕಾಯಂ ಇದಾರೋ ಅತಿಥಿ ಶಿಕ್ಷಕಿಯೋ, ಪುಟ್ಟ ಮಕ್ಕಳಿಗೆ ಕಲಿಸೋ ತರಬೇತಿ ಆಗೈತೋ, ಆಯಾ ಅದಾರೋ. ಒಂದನೇತ್ತಿ ಟೀಚರೇ ಎಲ್‌ಕೆಜಿನೂ ಸೇರಿಸಿ ನಡಸ್ತಾರಂದ್ರ ಎರಡನೇ ಸಲ ಯೋಚನೆ ಮಾಡ್ರಿ.

ಹೋಮ್‌ವರ್ಕ್ ಕೊಡ್ತೀರಾ ಅಂತ ಕೇಳಿದಾಗ ಇಲ್ಲ ಅಂದ್ರ ಬೇಜಾರಾಗ್ಬ್ಯಾಡ್ರಿ. ಎಷ್ಟೋ ಕಡೆ ಪಾಲಕರ ಕಾಟಕ್ಕೇ ಅಕ್ಕೋರು ಬರೆಸೋಕ ಶುರು ಮಾಡ್ತಾರ, "ನೋಟ್‌ಬುಕ್ ಖಾಲಿ ಐತಲ್ರಿ" ಅಂತ ನಾವೇ ಹೋಗಿ ಅಂತೀವಿ.

6. ನೀರು, ಪಾಯಖಾನಿ, ಬಿಸಿಲು, ರಸ್ತೆ

ಇಲ್ಲಿ ಚೌಕಾಸಿ ಇಲ್ಲ. ರಾಯಚೂರು, ಕೊಪ್ಪಳದ ಭಾಳ ಕಡೆ ಬೋರ್‌ವೆಲ್ ನೀರಿನಾಗ ಫ್ಲೋರೈಡ್ ಜಾಸ್ತಿ, ಹಲ್ಲು ಬೆಳೆಯೋ ವಯಸ್ಸಿನಾಗ ಅದೇ ನೀರು ಕುಡಿದ್ರ ಹಲ್ಲಿನ ಮ್ಯಾಲ ಕಂದು ಕಲೆ ಬೀಳ್ತಾವ, ವರ್ಷಗಟ್ಟಲೆ ಕುಡಿದ್ರ ಎಲುಬಿಗೂ ತೊಂದ್ರಿ. ಕುದಿಸಿದ್ರ ಫ್ಲೋರೈಡ್ ಹೋಗಂಗಿಲ್ಲ, ಇದು ಭಾಳ ಜನಕ್ಕ ಗೊತ್ತಿಲ್ಲ. ಕೇಂದ್ರದಾಗ ಕುಡಿಯೋ ನೀರು, ಅಡಗಿ ನೀರು ಎರಡೂ ಎಲ್ಲಿಂದ ಬರ್ತೈತಿ ಕೇಳ್ರಿ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಸ್ತಾರಂದ್ರ ಸರಿ.

ಪಾಯಖಾನಿ ಬಾಗಲಾ ತೆಗೆದು ನೋಡ್ರಿ. ಬೀಗ ಇದ್ರ, ಒಳಗ ಕಸಬರಿಗಿ ಬಕೆಟ್ಟು ತುಂಬಿದ್ರ, ಮಕ್ಕಳು ಎಲ್ಲಿಗೆ ಹೋಗ್ತಾವ?

ಬಿಸಿಲು ನಿಮಗೆ ಹೇಳೋದೇ ಬ್ಯಾಡ. ಬೇಸಿಗ್ಯಾಗ ನಮ್ ಭಾಗದ ಅಂಗನವಾಡಿ ಟೈಮ್ ಬೆಳಿಗ್ಗಿಗೆ ಬದಲಿಸಿ ಆದೇಶ ಬರ್ತಿರ್ತೈತಿ, ಅದನ್ನ ಕೇಳಿಟ್ಕೊಳ್ರಿ, ಹನ್ನೆರಡಕ್ಕ ಬಿಟ್ಟು ನೀವು ನಾಲ್ಕಕ್ಕ ಹೋದ್ರ ಕಷ್ಟ. ತಗಡಿನ ಶೆಡ್ಡಿನಾಗ ನಡೀತಿದ್ರ ಮಾರ್ಚಿನಿಂದ ಜೂನ್ ತನಕ ಹೆಂಗ ಅಂತ ಕೇಳ್ರಿ. ಇನ್ನ ರಸ್ತೆ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿ ಓಡಾಡೋ ರೋಡ್ ದಾಟಬೇಕಾದ್ರ, ಇಲ್ಲಾ ಕಾಲುವಿ ಪಕ್ಕ ಹಾದು ಹೋಗಬೇಕಾದ್ರ, ಎಷ್ಟೇ ಒಳ್ಳೆ ಎಲ್‌ಕೆಜಿ ಇರ್ಲಿ, ನಡ್ಕೊಂಡು ಹೋಗೋ ದೂರದಾಗಿರೋ ಅಂಗನವಾಡಿನೇ ನನ್ನ ಆಯ್ಕೆ.

7. ಮನಿ ಭಾಷೆ ಬ್ಯಾರೆ ಇದ್ರ

ಬಳ್ಳಾರಿ, ರಾಯಚೂರಿನಾಗ ತೆಲುಗು ಮನಿ, ಉರ್ದು ಮನಿ, ತಾಂಡಾದಾಗ ಲಂಬಾಣಿ. ಮಗು ಮೊದಲ ದಿನ ಅಕ್ಕೋರು ಹೇಳೋದು ಏನೂ ತಿಳೀದೇ ಕೂತಿರ್ತೈತಿ, ಪಾಲಕರು ಮಂದ ಐತಿ ಅಂದ್ಕೋತಾರ. ಅಕ್ಕೋರಿಗೋ ಸಹಾಯಕಿಗೋ ಮಗುವಿನ ಭಾಷೆ ನಾಲ್ಕು ಮಾತು ಬರ್ತೈತೇನು ಅಂತ ಮೊದ್ಲು ನೋಡ್ರಿ. ನೀರು, ಹಸಿವು, ಒಂದಕ್ಕೆ ಎರಡಕ್ಕೆ, ಹೊಟ್ಟಿ ನೋವು, ಇಷ್ಟಾದ್ರೂ ತಿಳಿಬೇಕು. ಈ ವಯಸ್ಸಿಗೆ ಇಂಗ್ಲಿಷ್ ಮೀಡಿಯಂ ಅನ್ನೋದಕ್ಕೆ ನಾನು ತಲಿ ಕೆಡಿಸ್ಕೊಳ್ಳಂಗಿಲ್ಲ. ಮಗು ಬಾಯಿ ಬಿಟ್ಟು ಮಾತಾಡೋ ಭಾಷ್ಯಾಗ ಕತಿ ಕೇಳಿದ್ರ ಅದು ಪ್ರಶ್ನೆ ಕೇಳ್ತೈತಿ, ಇಂಗ್ಲಿಷ್ ಹಾಡು ಬೇಕಾದ್ರ ಪಕ್ಕಕ್ಕ ಇರ್ಲಿ.

8. ಕಾಗದಪತ್ರ

ಜನನ ಪ್ರಮಾಣಪತ್ರ, ಮಗುವಿನ ಆಧಾರ್, ತಂದೆತಾಯಿ ಆಧಾರ್, ತಾಯಿ ಕಾರ್ಡು (ಬಸುರಿದ್ದಾಗ ಕೊಟ್ಟಿದ್ದು, ಲಸಿಕೆ ಬರೆದಿರೋದು), ರೇಷನ್ ಕಾರ್ಡು, ಫೋಟೋ. ಅಂಗನವಾಡಿಗೆ ಒಂದೆರಡು ಇಲ್ಲದಿದ್ರೂ ಮಗುನ ವಾಪಸ್ ಕಳಿಸಬಾರದು, ಸೇರಿಸ್ಕೊಂಡು ಆಮ್ಯಾಲ ತಗೊಂಬಾ ಅಂತ ಹೇಳ್ಬೇಕು. ಐದು ವರ್ಷದೊಳಗಿನ ಆಧಾರ್‌ಗೆ ಬೆರಳಚ್ಚು ತಗೊಂಡಿರಂಗಿಲ್ಲ, ಐದು ತುಂಬಿದ ಮ್ಯಾಲ ಅಪ್‌ಡೇಟ್ ಮಾಡಿಸ್ಬೇಕು, ಯುಕೆಜಿ ಟೈಮಿಗೆ ಮಾಡಿಸಿಬಿಡ್ರಿ.

ಹೆಸರಿನ ಅಕ್ಷರ ಎಲ್ಲಾ ಕಡೆ ಒಂದೇ ಇರ್ಲಿ. ಆಧಾರಿನಾಗ ಒಂದು ಸ್ಪೆಲಿಂಗು, ಜನನ ಪತ್ರದಾಗ ಒಂದು ಇದ್ರ ಈಗ್ಲೇ ಸರಿ ಮಾಡಿಸ್ರಿ. ಸಾಲ್ಯಾಗ ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ಒಳಗ ಒಮ್ಮೆ ತಪ್ಪು ಕೂತ್ರ ತಗೆಯೋದು ಕಷ್ಟ.

ಎಚ್ಚರ: ಹೆಸರು ಅಂಗನವಾಡ್ಯಾಗ, ಮಗು ಪ್ರೈವೇಟ್ ಕಾನ್ವೆಂಟ್‌ನಾಗ, ಇದು ನಮ್ ಕಡೆ ಭಾಳ. ರೇಷನ್ ಬರ್ತೈತಿ ಅಂತ ಹೆಸರು ಬಿಡಸಂಗಿಲ್ಲ. ಲೆಕ್ಕದಾಗ ಮಕ್ಕಳು ಇರ್ತಾವ, ಚಾಪಿ ಮ್ಯಾಲ ಇರಂಗಿಲ್ಲ. ಬಿಡೋದಾದ್ರ ಹೇಳಿ ಹೆಸರು ತಗಸ್ರಿ.

9. ಗುಳೆ ಹೋಗೋ ಮನ್ಯಾಗ

ಸುಗ್ಗಿ ಮುಗಿದ ಮ್ಯಾಲ ಬೆಂಗಳೂರು, ಗೋವಾ, ಪುಣೆ ಕಡೆ ದುಡಿಯಾಕ ಹೋಗೋರು ಮಗುನ ಅರ್ಧಕ್ಕ ಬಿಡಿಸ್ತಾರ. ಹೋಗೋಕ ಮೊದ್ಲು ಅಂಗನವಾಡಿ ಅಕ್ಕೋರಿಗೆ ಹೇಳಿ ಹೋಗ್ರಿ. ಪೋಷಣ್ ಟ್ರ್ಯಾಕರ್ (ಅವ್ರು ಮೊಬೈಲಿನಾಗ ತುಂಬೋ ಕೇಂದ್ರ ಸರ್ಕಾರದ ಆ್ಯಪ್) ಒಳಗ ಮಗುವಿನ ಹೆಸರನ್ನ ಇನ್ನೊಂದು ಕೇಂದ್ರಕ್ಕ ವರ್ಗ ಮಾಡೋ ವ್ಯವಸ್ಥೆ ಐತಿ. ಆಧಾರ್ ನಂಬರು, ಕೊಟ್ಟಿರೋ ಫೋನ್ ನಂಬರು ಬರ್ಕೊಂಡು ಹೋಗಿ ಅಲ್ಲಿ ಹತ್ರದ ಅಂಗನವಾಡಿಗೆ ತೋರಸ್ರಿ, ಕರ್ನಾಟಕದ ಹೊರಗಿದ್ರೂ ನಡಿತೈತಿ. ಅಜ್ಜಿ ಹತ್ರ ಬಿಟ್ಟು ಹೋಗೋರು ಅಜ್ಜಿ ಫೋನ್ ನಂಬರನ್ನ ಕೇಂದ್ರದಾಗ ಬರೆಸಿ ಹೋಗ್ರಿ.

10. ಮೊದಲ ಕೆಲವು ವಾರ

ಅಳ್ತೈತಿ. ಮೊದಲ ದಿನ ಒಂದು ತಾಸು ಜೋಡಿಗೇ ಕೂತು ಕರ್ಕೊಂಡು ಬರ್ರಿ, ಆಮ್ಯಾಲ ನಿಧಾನಕ್ಕ ಹೊತ್ತು ಜಾಸ್ತಿ ಮಾಡ್ರಿ. ಹೇಳದೇ ಕದ್ದು ಬರಬ್ಯಾಡ್ರಿ, "ಊಟ ಆದ ಮ್ಯಾಲ ಬರ್ತೀನಿ" ಅಂತ ಹೇಳಿ, ಹೇಳಿದಂಗ ಹೋಗ್ರಿ. ಮನಿಗೆ ಬಂದ ಕೂಡ್ಲೇ "ಏನ್ ಕಲಿಸಿದ್ರು, ಹೇಳು" ಅಂತ ಪರೀಕ್ಷೆ ಮಾಡ್ಬ್ಯಾಡ್ರಿ, ಯಾರ ಜೋಡಿ ಆಡಿದಿ ಅಂತ ಕೇಳ್ರಿ. ಎರಡು ಮೂರು ತಿಂಗಳಿಗೆ ಮಗು ಒಂದು ಹೊಸ ಹಾಡು, ಒಬ್ಬ ಗೆಳೆಯನ ಹೆಸರು, ತನ್ನ ಚಪ್ಪಲಿ ತಾನೇ ಹಾಕ್ಕೊಳ್ಳೋದು, ಹಿಂಗ ಏನಾರ ತಗೊಂಡು ಬರ್ತಿದ್ರ ಅಲ್ಲಿ ಕೆಲಸ ನಡೀತೈತಿ.

ತೂಕದ್ದೂ ಕೇಳ್ತಿರ್ರಿ. ಅಂಗನವಾಡ್ಯಾಗ ತಿಂಗಳಿಗೊಮ್ಮೆ ತೂಕ ನೋಡಿ ಬರೀಬೇಕು, ಆರೋಗ್ಯ ಇಲಾಖೆಯ ಆರ್‌ಬಿಎಸ್‌ಕೆ ತಂಡ (ಮಕ್ಕಳನ್ನ ತಪಾಸಣೆ ಮಾಡೋ ಡಾಕ್ಟರ ತಂಡ) ವರ್ಷಕ್ಕ ಎರಡು ಸಲ ಬರಬೇಕು. ಕಿವಿ ಸರಿ ಕೇಳದಿರೋದು, ಮಾತು ತಡ, ಕಣ್ಣಿನ ತೊಂದ್ರಿ, ಇವೆಲ್ಲಾ ಇಲ್ಲೇ ಸಿಕ್ಕಿಬೀಳ್ತಾವ, ಆ ದಿನ ಮಗುನ ತಪ್ಪಿಸಬ್ಯಾಡ್ರಿ.

11. ಸರಿ ನಡೀತಿಲ್ಲ ಅಂದ್ರ

ಮೊದ್ಲು ಅಕ್ಕೋರ ಜೋಡಿನೇ ಮಾತಾಡ್ರಿ. ಆಗ್ಲಿಲ್ಲ ಅಂದ್ರ ಅಂಗನವಾಡಿಗೆ ಬಾಲವಿಕಾಸ ಸಮಿತಿ ಇರ್ತೈತಿ, ಪಾಲಕರೂ ಅದರಾಗ ಇರ್ತಾರ. ಅದರ ಮ್ಯಾಲ ಮೇಲ್ವಿಚಾರಕಿ, ಅವ್ರ ಮ್ಯಾಲ ತಾಲ್ಲೂಕಿನ ಸಿಡಿಪಿಒ, ಅಂದ್ರ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಸಾಲಿ ಎಲ್‌ಕೆಜಿ ಆದ್ರ ಹೆಡ್‌ಮಾಸ್ತರು, ಎಸ್‌ಡಿಎಂಸಿ, ಆಮ್ಯಾಲ ಬಿಇಒ. ಅಂಗನವಾಡಿ ದೂರನ್ನ ಬಿಇಒಗೆ, ಸಾಲಿ ದೂರನ್ನ ಸಿಡಿಪಿಒಗೆ ಕೊಟ್ಟು ಇಬ್ರೂ ನಮ್ದಲ್ಲ ಅಂದ್ರು ಅಂತ ಸುಸ್ತಾಗೋರು ಭಾಳ, ಇಲಾಖೆ ಬ್ಯಾರೆ ಅಂತ ನೆನಪಿಟ್ಕೊಳ್ರಿ. ಬಾಯಿಮಾತಿನಾಗ ಬ್ಯಾಡ, ಅರ್ಜಿ ಬರೆದು ಕೊಟ್ಟು ಇನ್ನೊಂದು ಪ್ರತಿ ಮ್ಯಾಲ ಸೀಲ್ ಸಹಿ ಹಾಕಿಸ್ಕೊಳ್ರಿ. ನಾಲ್ಕು ಜನ ಅವ್ವಂದಿರು ಕೂಡಿ ಹೋದ್ರ ಕೆಲಸ ಬೇಗ ಆಗ್ತೈತಿ, ಅದೂ ಬರೇ ಟೀಚರ್ ಮ್ಯಾಲ ದೂರು ಬ್ಯಾಡ, "ಬೀರುವಿನ ಕೀಲಿ ತೆಗಸ್ರಿ", "ನೀರಿನ ಕ್ಯಾನ್ ಕೊಡಸ್ರಿ", "ಸಹಾಯಕಿ ಹುದ್ದೆ ಖಾಲಿ ಐತಿ, ತುಂಬ್ರಿ" ಅಂತ ಒಂದೊಂದೇ ಬೇಡಿಕೆ ಬರೀರಿ.

ಮಗುನ ಹೊಡಿಯೋದು, ಕಟ್ಟಿ ಹಾಕೋದು, ಕೆಟ್ಟದಾಗಿ ಮುಟ್ಟೋದು ಇಂಥದ್ದೇನಾರ ಗೊತ್ತಾದ್ರ ಸಮಿತಿ ಗಿಮಿತಿ ಅಂತ ಕಾಯಬ್ಯಾಡ್ರಿ, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡ್ರಿ, ದುಡ್ಡು ಹತ್ತಂಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು.

ನಡುವರ್ಷದಾಗ ಅಂಗನವಾಡಿಯಿಂದ ಇನ್ನೊಂದು ಅಂಗನವಾಡಿಗೆ ಬದಲಿಸೋಕ ಅಡ್ಡಿ ಇಲ್ಲ, ಆದ್ರ ಎಲ್‌ಕೆಜಿ ಸೀಟು ಜೂನ್ ದಾಟಿದ್ರ ಸಿಗೋದು ಕಷ್ಟ. ಹಂಗಾಗಿ ಮಾರ್ಚ್ ಒಳಗ ಎರಡೂ ಕಡೆ ಹೋಗಿ ಕೂತು ನೋಡಿರ್ರಿ, ಪರೀಕ್ಷೆ ಗದ್ದಲ ಶುರುವಾದ ಮ್ಯಾಲ ಸಾಲ್ಯಾಗ ಹೆಡ್‌ಮಾಸ್ತರು ಮಾತಾಡಾಕೂ ಸಿಗಂಗಿಲ್ಲ.